ಗಿರಣಿಯ ಪಟ್ಟಾದಿಂದ ಎ.ಸಿ. ಕ್ಲಚ್ಚಿನವರೆಗೆ

ಕಾರಿನ ಎ.ಸಿ. ಎಂದ ಕೂಡಲೆ ಮಾತೆಲ್ಲ ತಂಪಿನ ಸುತ್ತಲೇ ತಿರುಗುತ್ತದೆ. ಗ್ಯಾಸ್ ಇದೆಯೋ ಹೋಯಿತೋ, ಕೂಲಿಂಗ್ ಸಾಕೋ ಸಾಲದೋ, ಮೈಲೇಜ್ ಎಷ್ಟು ಬಿತ್ತು. ಅದರ ಚರಿತ್ರೆ ಹೇಳುವವರೂ ಐಸ್ ಪೆಟ್ಟಿಗೆಯಿಂದ ಶುರುಮಾಡಿ, ಫ್ರಿಜ್ಜಿಗೆ ಬಂದು, ಆ ಫ್ರಿಜ್ಜು ಕಾರಿನೊಳಗೆ ಹೇಗೆ ಹೊಕ್ಕಿತು ಎಂಬಲ್ಲಿಗೆ ಮುಗಿಸುತ್ತಾರೆ. ಅದು ಅರ್ಧ ಚರಿತ್ರೆ ಮಾತ್ರ. ತಂಪು ಮಾಡುವ ವಿದ್ಯೆ ಹತ್ತೊಂಬತ್ತನೆಯ ಶತಮಾನದಲ್ಲೇ ಕೈಗೆ ಬಂದಿತ್ತು. ರಸ್ತೆಯ ಮೇಲೆ ಅದನ್ನು ತಡೆದು ನಿಲ್ಲಿಸಿದ ತೊಡಕು ಬೇರೆ. ಓಡುತ್ತಲೇ ಇರಬೇಕಾದ ಒಂದೇ ಎಂಜಿನ್ನು, ಅದರ ಬಲದಲ್ಲಿ ಆಗಾಗ ಪಾಲು ಕೇಳುವ ಇನ್ನೊಂದು ಯಂತ್ರ, ಎ.ಸಿ.ಯ ಕಂಪ್ರೆಸರು. ಆ ಇನ್ನೊಂದಕ್ಕೆ ಯಾವಾಗ ಬಲ ಕೊಡಬೇಕು, ಯಾವಾಗ ಕೊಡಬಾರದು, ಕೊಡುವುದನ್ನು ಯಾರು ನಿಲ್ಲಿಸಬೇಕು? ಕಂಪ್ರೆಸರ್‌ನ ಮೂತಿಗೆ ಕೂತಿರುವ ಅಂಗೈ ಅಗಲದ ವಿದ್ಯುತ್ ಕ್ಲಚ್ಚು ಈ ಪ್ರಶ್ನೆಗೆ ಸಿಕ್ಕ ಉತ್ತರ. ಅದರ ಮನೆತನ ಹುಡುಕುತ್ತ ಹೋದರೆ ನಾವು ಮುಟ್ಟುವುದು ಐಸ್ ಫ್ಯಾಕ್ಟರಿಯನ್ನಲ್ಲ, ಹತ್ತಿಯ ಗಿರಣಿಯನ್ನು ಮತ್ತು ರೈಲ್ವೆ ವರ್ಕ್‌ಶಾಪನ್ನು. ಹುಬ್ಬಳ್ಳಿ ಇವೆರಡನ್ನೂ ಕಂಡ ಊರು. ಆ ಕ್ಲಚ್ಚು ಏಕೆ ಬೇಕಾಯಿತು ಎಂದು ತಿಳಿಯಲು ಅಲ್ಲಿನ ದುರ್ಗದಬೈಲು ಪೇಟೆಗಿಂತ ಒಳ್ಳೆಯ ಜಾಗವೂ ಸಿಗಲಾರದು.

ದುರ್ಗದಬೈಲು ಚಕ್ಕಡಿ ಕಾಲದ ಪೇಟೆ. 1673ರಲ್ಲಿ ಮರಾಠರ ದಂಡು ಇಂಗ್ಲಿಷರ ಕೋಠಿಯನ್ನು ಲೂಟಿ ಮಾಡಿದಾಗಲೇ ಹುಬ್ಬಳ್ಳಿ ಬಟ್ಟೆಯ ವ್ಯಾಪಾರಕ್ಕೆ ಹೆಸರಾದ ಊರಾಗಿತ್ತು. ಅರ್ಧ ಶತಮಾನ ಕಳೆದು, ಸವಣೂರ ನವಾಬರ ಆಳಿಕೆಯಲ್ಲಿ, 1727ರಲ್ಲಿ ಬಸಪ್ಪ ಶೆಟ್ಟರ ಎಂಬ ವರ್ತಕ ಹಳೇ ಹುಬ್ಬಳ್ಳಿಯ ಪಕ್ಕದಲ್ಲಿ ಹೊಸ ಊರು ಕಟ್ಟಿಸಿದಾಗ ಅದು ಬೆಳೆದದ್ದು ಈ ಕೋಟೆಯ ಬಯಲಿನ ಸುತ್ತ. ಕೋಟೆ ಹೋಯಿತು, ಬಯಲು ಅಂಗಡಿಗಳಿಂದ ತುಂಬಿತು. ದಾಜಿಬಾನಪೇಟೆ, ಬ್ರಾಡ್‌ವೇ, ಷಾ ಬಜಾರ್ ಕಡೆಯಿಂದ ಬರುವ ಜನವೆಲ್ಲ ಇಲ್ಲಿ ಬಂದು ಸೇರುತ್ತಾರೆ. ಸಂಜೆಯಾದರೆ ಗಿರಮಿಟ್ಟು, ಮಿರ್ಚಿಯ ಗಾಡಿಗಳು. ದೀಪಾವಳಿ, ಗಣೇಶ ಚೌತಿಯ ಮುಂದಿನ ದಿನಗಳಲ್ಲಿ ಕಾಲಿಡಲು ಜಾಗವಿಲ್ಲ. ಇಂಥ ಕಡೆ ಮೋಟಾರು ಗಾಡಿ ಓಡುವುದಕ್ಕಿಂತ ನಿಂತು ಉರಿಯುವುದೇ ಹೆಚ್ಚು. ನಿಂತು ಉರಿಯುವಾಗ ಮೂರು ಸಂಗತಿ ಒಟ್ಟಿಗೆ ಆಗುತ್ತವೆ: ಎಂಜಿನ್ನು ಹುಟ್ಟಿಸುವ ಬಲ ತೀರ ಕಡಿಮೆ ಇರುತ್ತದೆ, ಎದುರು ಗಾಳಿ ಇಲ್ಲದ್ದರಿಂದ ರೇಡಿಯೇಟರೂ ಎ.ಸಿ.ಯ ಕಂಡೆನ್ಸರೂ ಫ್ಯಾನಿನ ದಯೆಯಲ್ಲಿ ಬದುಕಬೇಕು; ಒಳಗೆ ಕೂತವರಿಗೆ ತಂಪು ಬೇಕೆನಿಸುವುದೂ ಆಗಲೇ. ಹೆದ್ದಾರಿಯಲ್ಲಿ ಎಂಥ ಎ.ಸಿ.ಯೂ ನಡೆದುಹೋಗುತ್ತದೆ. ಪೇಟೆಯ ಗದ್ದಲದಲ್ಲಿ ಅದರ ಬಂಡವಾಳ ಗೊತ್ತಾಗುತ್ತದೆ.

ಒಂದು ಎಂಜಿನ್ನಿನ ಬಲವನ್ನು ಹಲವರಿಗೆ ಹಂಚುವ ತೊಡಕು ಈ ಊರಿಗೆ ಕಾರಿನ ಜೊತೆ ಬಂದದ್ದಲ್ಲ. 1840ರ ದಶಕದಲ್ಲಿ ಕಲೆಕ್ಟರ್ ಶಾ ಅವರ ಉಮೇದಿನಿಂದ ಧಾರವಾಡ ಸೀಮೆಯಲ್ಲಿ ಅಮೆರಿಕನ್ ಹತ್ತಿ ಬೇರೂರಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ ಅದರ ಬೆಲೆಯನ್ನು ಏರಿಸಿತು. ಹತ್ತಿಯನ್ನು ಬಂದರಿಗೆ ಸಾಗಿಸುವ ಆಸೆಯೇ ಮುಂದೆ ರೈಲನ್ನು ಕರೆತಂದ ಮುಖ್ಯ ಕಾರಣಗಳಲ್ಲಿ ಒಂದು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1885ರಲ್ಲಿ ಹುಬ್ಬಳ್ಳಿಯ ವರ್ಕ್‌ಶಾಪ್ ಶುರುವಾಯಿತು. ಆ ಕಾಲದ ವರ್ಕ್‌ಶಾಪು, ಗಿರಣಿಗಳ ಪದ್ಧತಿ ಎಲ್ಲ ಕಡೆ ಒಂದೇ. ಒಂದು ಮೂಲೆಯಲ್ಲಿ ಉಗಿ ಎಂಜಿನ್ನು, ಅದು ತಿರುಗಿಸುವ ಒಂದು ಉದ್ದನೆಯ ಶಾಫ್ಟು ಮಾಡಿನ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ, ಶಾಫ್ಟಿನಿಂದ ಕೆಳಗಿಳಿದ ತೊಗಲಿನ ಪಟ್ಟಾಗಳು, ಒಂದೊಂದು ಪಟ್ಟಾಕ್ಕೆ ಒಂದೊಂದು ಲೇಥೋ ಮಗ್ಗವೋ ರಂಧ್ರ ಕೊರೆಯುವ ಯಂತ್ರವೋ. ಶಾಫ್ಟು ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತಲೇ ಇರುತ್ತದೆ. ಒಬ್ಬ ಕೆಲಸಗಾರ ತನ್ನ ಲೇಥನ್ನು ನಿಲ್ಲಿಸಬೇಕೆಂದು ಇಡೀ ಕಾರ್ಖಾನೆ ನಿಲ್ಲಿಸಲು ಬರುವುದಿಲ್ಲ. ಅದಕ್ಕೆ ಅವರು ಹೂಡಿದ ಉಪಾಯ ಸರಳ: ಪಕ್ಕಪಕ್ಕದಲ್ಲಿ ಎರಡು ಪುಲ್ಲಿ. ಒಂದು ಶಾಫ್ಟಿಗೆ ಬಿಗಿಯಾಗಿ ಕೂತದ್ದು, ಇನ್ನೊಂದು ಅದರ ಮೇಲೆ ಸುಮ್ಮನೆ ಉರುಳುವ ಸಡಿಲ ಪುಲ್ಲಿ. ಕವಲುಗೋಲಿನಿಂದ ಪಟ್ಟಾವನ್ನು ಬಿಗಿ ಪುಲ್ಲಿಯ ಮೇಲೆ ಸರಿಸಿದರೆ ಯಂತ್ರ ನಡೆಯುತ್ತದೆ. ಸಡಿಲ ಪುಲ್ಲಿಗೆ ತಳ್ಳಿದರೆ ಪಟ್ಟಾ ಓಡುತ್ತದೆ, ಯಂತ್ರ ನಿಲ್ಲುತ್ತದೆ. ಒಂದೇ ಮೋಟಾರಿನ ಮೇಲೆ ಜೋಳಕ್ಕೊಂದು, ಖಾರಕ್ಕೊಂದು ಕಲ್ಲು ನಡೆಸಿದ ಹಿಟ್ಟಿನ ಗಿರಣಿಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಕಾರಿನ ಬಾನೆಟ್ ಎತ್ತಿ ಕಂಪ್ರೆಸರ್‌ನ ಮುಖ ನೋಡಿ. ಎಂಜಿನ್ನಿನ ಬೆಲ್ಟು ಸುತ್ತಿಕೊಂಡಿರುವ ಪುಲ್ಲಿ ಎರಡು ಸಾಲು ಗುಂಡುಗಳ ಬೇರಿಂಗಿನ ಮೇಲೆ ಕೂತಿರುತ್ತದೆ, ಕಂಪ್ರೆಸರ್‌ನ ಶಾಫ್ಟಿಗೆ ಅದರ ಸಂಬಂಧವೇ ಇಲ್ಲ. ಎ.ಸಿ. ಹಾಕದಿದ್ದಾಗಲೂ ಅದು ಎಂಜಿನ್ ಜೊತೆ ತಿರುಗುತ್ತಲೇ ಇರುತ್ತದೆ. ಅದೇ ಸಡಿಲ ಪುಲ್ಲಿ. ಅದರ ಮುಂದೆ, ಕೂದಲೆಳೆಯ ಅಂತರದಲ್ಲಿ, ಶಾಫ್ಟಿನ ತುದಿಗೆ ಬಿಗಿದ ಒಂದು ಉಕ್ಕಿನ ತಟ್ಟೆ. ತೆಳು ಸ್ಪ್ರಿಂಗ್ ಪಟ್ಟಿಗಳೋ ರಬ್ಬರೋ ಆ ತಟ್ಟೆಯನ್ನು ಪುಲ್ಲಿಯಿಂದ ದೂರ ಹಿಡಿದಿರುತ್ತವೆ. ಪುಲ್ಲಿಯ ಬೆನ್ನಿಗೆ, ಕಂಪ್ರೆಸರ್‌ನ ಮೈಗೆ ಕಚ್ಚಿಸಿ, ತಾಮ್ರದ ತಂತಿ ಸುತ್ತಿದ ಕಾಯಿಲು, ಇದು ತಿರುಗುವುದಿಲ್ಲ. 12 ವೋಲ್ಟಿನಲ್ಲಿ ಮೂರು ನಾಲ್ಕು ಆಂಪಿಯರ್ ಕರೆಂಟು ಅದರಲ್ಲಿ ಹರಿದದ್ದೇ ತಡ, ಕಾಯಿಲಿನ ಕಾಂತಬಲ ಪುಲ್ಲಿಯ ಮುಖವನ್ನು ದಾಟಿ ತಟ್ಟೆಯನ್ನು ಸೆಳೆಯುತ್ತದೆ. ಟಕ್ಕೆಂದು ಸದ್ದಾಗಿ ತಟ್ಟೆ ಪುಲ್ಲಿಗೆ ಅಂಟುತ್ತದೆ, ಶಾಫ್ಟು ತಿರುಗತೊಡಗುತ್ತದೆ. ಕರೆಂಟು ನಿಂತರೆ ಸ್ಪ್ರಿಂಗು ತಟ್ಟೆಯನ್ನು ಹಿಂದಕ್ಕೆಳೆಯುತ್ತದೆ. ಪುಲ್ಲಿಯ ಮುಖದಲ್ಲಿ ಕಮಾನಿನಾಕಾರದ ಸೀಳುಗಳಿರುತ್ತವೆ. ನೋಡುವವರಿಗೆ ಅವು ಗಾಳಿಯಾಡಲು ಬಿಟ್ಟ ತೂತುಗಳಂತೆ ಕಾಣುತ್ತವೆ. ನಿಜದಲ್ಲಿ ಅವು ಕಾಂತರೇಖೆಗಳು ಪುಲ್ಲಿಯಿಂದ ತಟ್ಟೆಗೆ, ತಟ್ಟೆಯಿಂದ ಪುಲ್ಲಿಗೆ ಹಲವು ಸಲ ಜಿಗಿಯುವಂತೆ ಮಾಡಿ ಅದೇ ಕರೆಂಟಿನಲ್ಲಿ ಹಿಡಿತವನ್ನು ಹೆಚ್ಚಿಸುತ್ತವೆ. ನಲವತ್ತು ಐವತ್ತು ವ್ಯಾಟು, ಅಂದರೆ ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು ಕರೆಂಟು, ಎರಡು ಮೂರು ಕಿಲೋವ್ಯಾಟು ಎಳೆಯುವ ಕಂಪ್ರೆಸರನ್ನು ಹಿಡಿಯುತ್ತದೆ, ಬಿಡುತ್ತದೆ. ಗಿರಣಿಯ ಕವಲುಗೋಲಿನ ಕೆಲಸವನ್ನು ಇಲ್ಲಿ ಅಯಸ್ಕಾಂತ ಮಾಡುತ್ತಿದೆ, ಅಷ್ಟೇ ವ್ಯತ್ಯಾಸ.

ಈ ವಂಶಾವಳಿ ಬರೀ ಹೋಲಿಕೆಯಲ್ಲವೇ, ಎರಡು ಯಂತ್ರ ಒಂದೇ ಥರ ಕಂಡಾಕ್ಷಣ ನಂಟು ಕಟ್ಟುವುದೇ, ಎಂದು ಕೇಳುವವರಿಗೆ ಕ್ಲಚ್ಚಿಲ್ಲದ ಕಾಲದ ಕಥೆಯೇ ಉತ್ತರ. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಎ.ಸಿ. ಕೂಡಿಸಿ ಮಾರಿತು. ತಂಪು ಬಂತು, ಆದರೆ ಕಂಪ್ರೆಸರು ಎಂಜಿನ್ನಿಗೆ ಖಾಯಂ ಕಟ್ಟಿಬಿದ್ದಿತ್ತು. ಒಳಗಿನ ಬ್ಲೋವರ್ ಬಂದ್ ಮಾಡಬಹುದಿತ್ತು, ಕಂಪ್ರೆಸರನ್ನಲ್ಲ. ಚಳಿಗಾಲದಲ್ಲಿ ಅದನ್ನು ನಿಲ್ಲಿಸಬೇಕಾದರೆ ಎಂಜಿನ್ ಆರಿಸಿ, ಬಾನೆಟ್ ತೆಗೆದು, ಬೆಲ್ಟನ್ನೇ ಕಳಚಿಡಬೇಕು. ಗಿರಣಿಯವರು ಎಂದೋ ಬಿಡಿಸಿಕೊಂಡಿದ್ದ ಗಂಟಿಗೆ ಕಾರಿನವರು ಮತ್ತೆ ಸಿಕ್ಕಿಬಿದ್ದಿದ್ದರು. 1941ರ ಕ್ಯಾಡಿಲಾಕ್ ಕಥೆಯೂ ಇದೇ. ಆ ಪ್ಯಾಕಾರ್ಡ್ ವ್ಯವಸ್ಥೆ ಹೆಚ್ಚು ಕಾಲ ಬಾಳಲಿಲ್ಲ. 1954ರಲ್ಲಿ ನ್ಯಾಶ್ ಕಂಪನಿ, ಫ್ರಿಜ್ಜು ಮಾಡುವ ಕೆಲ್ವಿನೇಟರ್ ಜೊತೆಗಿನ ಒಡನಾಟದ ಬಲದಿಂದ, ಎ.ಸಿ.ಯ ಸರಂಜಾಮನ್ನೆಲ್ಲ ಡಿಕ್ಕಿಯಿಂದ ಬಾನೆಟ್ಟಿನ ಕೆಳಗೆ ತಂದು, ಡ್ಯಾಶ್‌ಬೋರ್ಡಿನಲ್ಲೇ ಗುಂಡಿಗಳಿಟ್ಟು, ಕಂಪ್ರೆಸರಿಗೆ ವಿದ್ಯುತ್ ಕ್ಲಚ್ ಹಾಕಿತು. ಸಾಮಾನ್ಯ ಜನ ಕೊಳ್ಳಬಹುದಾದ ಕಾರಿಗೆ ಎ.ಸಿ. ಬಂದದ್ದು ಅಲ್ಲಿಂದೀಚೆಗೆ. 1940ಕ್ಕೂ 1954ಕ್ಕೂ ನಡುವೆ ತಂಪು ಮಾಡುವ ತತ್ವವೇನೂ ಬದಲಾಗಿರಲಿಲ್ಲ. ಬದಲಾದವುಗಳಲ್ಲಿ ದೊಡ್ಡದು, ಚಾಲಕ ಕೂತಲ್ಲಿಂದಲೇ ಅದನ್ನು ಬಿಡಿಸಲು ಬಂತು ಎಂಬುದು.

ಇಲ್ಲಿ ಒಂದು ಲೆಕ್ಕ ನೋಡಬೇಕು. ಎ.ಸಿ. ಕೂಡಿಸಿದ ಪ್ಯಾಕಾರ್ಡುಗಳಲ್ಲಿ ಎಂಟು ಸಿಲಿಂಡರಿನ, 120 ಅಶ್ವಶಕ್ತಿ ಮತ್ತು ಅದಕ್ಕೂ ಮಿಕ್ಕ ಎಂಜಿನ್ನುಗಳಿದ್ದವು. ಅಂಥ ಎಂಜಿನ್ನಿಗೆ ಮೂರೋ ನಾಲ್ಕೋ ಅಶ್ವಶಕ್ತಿಯ ಭಾರ ಸದಾ ಜೋತುಬಿದ್ದಿದ್ದರೂ ಮಾಲೀಕನಿಗೆ ಕಿರಿಕಿರಿ, ಕಾರಿಗೆ ಅಲ್ಲ. ಭಾರತದ ರಸ್ತೆಗೆ ಬನ್ನಿ. ಅಂಬಾಸಡರ್ 1489 ಸಿಸಿ, ಐವತ್ತರ ಆಸುಪಾಸಿನ ಅಶ್ವಶಕ್ತಿ; ಪ್ರೀಮಿಯರ್ ಪದ್ಮಿನಿ 1089 ಸಿಸಿ, ನಲವತ್ತರ ಆಸುಪಾಸು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಹೆಸರಿಗೆ ಎಂಟುನೂರು, ಲೆಕ್ಕಕ್ಕೆ 796 ಸಿಸಿ, ಮೂರು ಸಿಲಿಂಡರು, ನಲವತ್ತಕ್ಕೂ ಕಡಿಮೆ ಅಶ್ವಶಕ್ತಿ. ಅದೂ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನ ಮಾತು. ದುರ್ಗದಬೈಲಿನಲ್ಲಿ ಎಮ್ಮೆಯೊಂದು ದಾರಿ ಬಿಡಲೆಂದು ಕಾಯುತ್ತ ನಿಂತ ಕಾರಿನ ಎಂಜಿನ್ನು ತನ್ನನ್ನು ತಾನು ತಿರುಗಿಸಿಕೊಂಡು ಮಿಗಿಸುವ ಬಲ ಬಹಳ ಅಲ್ಪ. ಅದಕ್ಕೇ ಅಂಥ ಸಣ್ಣ ಕಾರುಗಳಲ್ಲಿ ಕ್ಲಚ್ಚು ಹಿಡಿಯುವ ಹೊತ್ತಿಗೇ ಐಡಲ್ ವೇಗವನ್ನು ತುಸು ಏರಿಸುವ ಏರ್ಪಾಡು ಇಟ್ಟರು. ಇಲ್ಲದಿದ್ದರೆ ಟಕ್ಕೆಂದ ಮರುಕ್ಷಣ ಎಂಜಿನ್ನು ಬಂದ್ ಬೀಳುತ್ತಿತ್ತು. ಏರು ಹತ್ತುವಾಗ, ಇನ್ನೊಂದು ಗಾಡಿಯನ್ನು ದಾಟುವಾಗ ಕಂಪ್ರೆಸರನ್ನು ಕೆಲವು ಸೆಕೆಂಡು ಕೈಬಿಡುವ ಏರ್ಪಾಡೂ ಬಂತು. ದೊಡ್ಡ ಎಂಜಿನ್ನಿನ ದೇಶದಲ್ಲಿ ಅನುಕೂಲವಾಗಿದ್ದ ಕ್ಲಚ್ಚು, ಸಣ್ಣ ಎಂಜಿನ್ನಿನ ದೇಶಕ್ಕೆ ಬಂದಾಗ ಅನಿವಾರ್ಯವಾಯಿತು. ಬಡ ಎಂಜಿನ್ನಿಗೆ ಎ.ಸಿ. ದಕ್ಕಿಸಿಕೊಟ್ಟದ್ದು ಈ ಬಿಡುವ ಸಾಮರ್ಥ್ಯ ಎಂಬುದೇ ನನ್ನ ವಾದದ ತಿರುಳು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಎ.ಸಿ. ಕಾರು ಮಧ್ಯಮ ವರ್ಗದ ಓಣಿಗೆ ಬಂದದ್ದು 1991ರ ಉದಾರೀಕರಣದ ನಂತರ, ಸುಂಕ ಇಳಿದು, ಬ್ಯಾಂಕುಗಳು ಸಾಲ ಕೊಡತೊಡಗಿದ ಮೇಲೆ. ಸುಬ್ರೋಸ್‌ನಂಥ ಕಂಪನಿ 1985ರಲ್ಲಿ ಜಪಾನಿನ ಡೆನ್ಸೊ, ಸುಜುಕಿಗಳ ಜೊತೆ ಸೇರಿ ಇಲ್ಲಿಯೇ ಎ.ಸಿ. ತಯಾರಿಕೆಗೆ ಇಳಿದದ್ದೂ ಇದಕ್ಕೆ ಕಾರಣ. ಇದರಲ್ಲಿ ಕ್ಲಚ್ಚಿನ ಪಾತ್ರವೇನು ಎಂದು ಅರ್ಥಶಾಸ್ತ್ರ ಬಲ್ಲವರು ಕೇಳಬಹುದು. ಅವರು ಹೇಳುವ ಸಂಗತಿಗಳೆಲ್ಲ ನಿಜ. ಆದರೆ ಬೆಲೆ ಇಳಿದದ್ದು ಯಾರು ಕೊಂಡರು ಎಂಬುದನ್ನು ವಿವರಿಸುತ್ತದೆಯೇ ಹೊರತು, ಕೊಂಡ ಮೇಲೆ ಆ ಕಾರು ಪೇಟೆಯೊಳಗೆ ಹೇಗೆ ನಡೆಯಿತು ಎಂಬುದನ್ನಲ್ಲ. ಸುಂಕವನ್ನು ಸೊನ್ನೆಗೆ ಇಳಿಸಿದರೂ 796 ಸಿಸಿಯ ಎಂಜಿನ್ನು ವರ್ಷವಿಡೀ ಕಂಪ್ರೆಸರನ್ನು ಹೊತ್ತು ತಿರುಗಲಾರದು. ಗ್ಯಾಸು ಬದಲಾದದ್ದೇ ದೊಡ್ಡ ತಿರುವು ಎನ್ನುವ ವಾದಕ್ಕೂ ಇದೇ ಉತ್ತರ. ಓಝೋನ್ ಪದರ ಕಾಯುವ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, ಆರ್-12 ಗ್ಯಾಸು ಹೋಗಿ ಆರ್-134ಎ ಬಂತು, ಪೈಪು, ಸೀಲು, ಎಣ್ಣೆ ಎಲ್ಲ ಬದಲಾದವು. ಕ್ಲಚ್ಚು ಮಾತ್ರ ಇದ್ದ ಹಾಗೆಯೇ ಇತ್ತು. ಗ್ಯಾಸು ಯಾವುದಾದರೇನು, ಅದಕ್ಕೆ ಗೊತ್ತಿರುವುದು ಶಾಫ್ಟು ಮತ್ತು ಪುಲ್ಲಿ.

ಹುಬ್ಬಳ್ಳಿಯ ಹವೆಯೂ ಈ ಮಾತಿಗೆ ಸಾಕ್ಷಿ ನುಡಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದ, ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಊರು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೈ ಸುಡುತ್ತದೆ, ಸಂಜೆ ಪಶ್ಚಿಮದ ಗಾಳಿ ಬೀಸುವಾಗ ಕಿಟಕಿ ಇಳಿಸಿದರೆ ಸಾಕು. ವರ್ಷದಲ್ಲಿ ಎ.ಸಿ. ಬೇಡವೆನಿಸುವ ದಿನಗಳೇ ಜಾಸ್ತಿ. ಹಾಗೆಂದು ಮಳೆಗಾಲದಲ್ಲಿ ಅದನ್ನು ಮರೆತುಬಿಡಲೂ ಬರುವುದಿಲ್ಲ: ಅಂಕೋಲೆ, ಕಾರವಾರದ ಕಡೆ ಘಟ್ಟ ಇಳಿಯುವಾಗ ಗಾಜಿನ ಒಳಮೈಗೆ ಮಂಜು ಕಟ್ಟಿದರೆ ಅದನ್ನು ಬಿಡಿಸುವುದು ಎ.ಸಿ.ಯ ಒಣಗಾಳಿಯೇ. ಹತ್ತು ನಿಮಿಷ ಬೇಕು, ಅರ್ಧ ತಾಸು ಬೇಡ, ಮತ್ತೆ ಐದು ನಿಮಿಷ ಬೇಕು. ಚಾಲಕ ಸ್ವಿಚ್ ಹಾಕಿಯೇ ಬಿಟ್ಟಿದ್ದಾಗಲೂ ಕ್ಲಚ್ಚು ತನ್ನಷ್ಟಕ್ಕೆ ಬಿಟ್ಟು ಹಿಡಿದು ಮಾಡುತ್ತಿರುತ್ತದೆ. ಒಳಗಿನ ಗಾಳಿಯನ್ನು ತಣಿಸುವ ಇವಾಪರೇಟರ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಅದರ ಮೇಲೆ ಹಿಮ ಕಟ್ಟಿ ಗಾಳಿಯೇ ಹಾಯದು, ಆದ್ದರಿಂದ ಥರ್ಮೋಸ್ಟ್ಯಾಟ್ ಕರೆಂಟು ಕಡಿಯುತ್ತದೆ. ಗ್ಯಾಸು ಸೋರಿ ಒತ್ತಡ ಎರಡು ಬಾರ್‌ನ ಆಸುಪಾಸಿಗಿಂತ ಕೆಳಗೆ ಬಿದ್ದರೆ ಇನ್ನೊಂದು ಸ್ವಿಚ್ಚು ಕಡಿಯುತ್ತದೆ; ಕಂಪ್ರೆಸರ್‌ನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದರಿಂದ ಗ್ಯಾಸಿಲ್ಲದೆ ತಿರುಗಿಸಿದರೆ ಅದು ಒಣಗಿ ಜಾಮ್ ಆಗುತ್ತದೆ. ಫ್ಯಾನು ಕೆಟ್ಟು ಒತ್ತಡ ಮೂವತ್ತು ಬಾರ್ ಸುಮಾರಿಗೆ ಏರಿದರೂ ಕಡಿತ. ಗಿರಣಿಯಲ್ಲಿ ಒಬ್ಬ ಆಳು ಕಣ್ಣಿಟ್ಟು ಮಾಡುತ್ತಿದ್ದ ತೀರ್ಮಾನ ಹೀಗೆ ನಾಲ್ಕೈದು ಸ್ವಿಚ್ಚುಗಳ ಪಾಲಾಗಿದೆ. ಯಾವೊಂದು ಬೇಡವೆಂದರೂ ಕ್ಲಚ್ಚು ಬಿಡುತ್ತದೆ, ಎಲ್ಲವೂ ಒಪ್ಪಿದರೆ ಮಾತ್ರ ಹಿಡಿಯುತ್ತದೆ.

ಎ.ಸಿ. ರಿಪೇರಿಯವರ ಕಸುಬು ಅರ್ಧ ನಿಂತಿರುವುದು ಈ ಹಿಡಿತ ಬಿಡಿತದ ಮೇಲೆ. ಬೆಳಿಗ್ಗೆ ಚೆನ್ನಾಗಿ ತಂಪು ಕೊಟ್ಟ ಎ.ಸಿ. ಮಧ್ಯಾಹ್ನ ಪೇಟೆಯಲ್ಲಿ ಸಿಕ್ಕಿಕೊಂಡಾಗ ಬಿಸಿಗಾಳಿ ಊದತೊಡಗುತ್ತದೆ, ಅರ್ಧ ತಾಸು ನೆರಳಿಗೆ ನಿಲ್ಲಿಸಿದರೆ ಮತ್ತೆ ಸರಿಹೋಗುತ್ತದೆ. ಮಾಲೀಕ ಗ್ಯಾಸ್ ಹೋಯಿತೆಂದು ಬರುತ್ತಾನೆ. ಅನುಭವಸ್ಥ ಮೆಕ್ಯಾನಿಕ್ ಗೇಜಿಗೆ ಕೈಹಾಕುವ ಮೊದಲೇ ಬಾನೆಟ್ ಎತ್ತಿ ನೋಡಿ, ‘ಗ್ಯಾಸ್ ಐತ್ರಿ, ಕ್ಲಚ್ ಹಿಡೀವಲ್ದು’ ಎನ್ನುತ್ತಾನೆ. ಕಾರಣ ಭೌತಶಾಸ್ತ್ರದ್ದು. ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಹೊಸದರಲ್ಲಿ ಅರ್ಧ ಮಿಲಿಮೀಟರಿನ ಆಚೀಚೆ. ಸಾವಿರಾರು ಸಲ ಅಂಟಿ ಬಿಟ್ಟು ಮುಖ ಸವೆದಂತೆ ಅದು ಅಗಲವಾಗುತ್ತದೆ. ಸಂದು ಹೆಚ್ಚಿದಷ್ಟೂ ಕಾಂತದ ಎಳೆತ ಕುಸಿಯುತ್ತದೆ. ಇದರ ಮೇಲೆ ಎಂಜಿನ್ನಿನ ಕಾವು. ತಾಮ್ರ 20 ಡಿಗ್ರಿಯಿಂದ 100 ಡಿಗ್ರಿಗೆ ಕಾದರೆ ಅದರ ಪ್ರತಿರೋಧ ಮೂವತ್ತು ಪ್ರತಿಶತದಷ್ಟು ಏರುತ್ತದೆ, ಕರೆಂಟು ಅದಕ್ಕೆ ತಕ್ಕಂತೆ ಇಳಿಯುತ್ತದೆ, ಎಳೆತ ಅರ್ಧದ ಹತ್ತಿರಕ್ಕೆ ಬರುತ್ತದೆ. ಮೂರು ಬೋಲ್ಟೋ ಒಂದು ನಟ್ಟೋ ಬಿಚ್ಚಿ, ತಟ್ಟೆಯ ಹಿಂದಿರುವ ಉಗುರಿಗಿಂತ ತೆಳುವಾದ ವಾಷರುಗಳಲ್ಲಿ ಒಂದನ್ನು ತೆಗೆದು, ಮತ್ತೆ ಬಿಗಿದು, ಫೀಲರ್ ಗೇಜು ಸುತ್ತಲೂ ಒಂದೇ ಸಮ ಆಡುತ್ತದೆಯೇ ಎಂದು ನೋಡಿದರೆ ಕೆಲಸ ಮುಗಿಯಿತು. ಪೂರ್ತಿ ಕಂಪ್ರೆಸರೇ ಬದಲಿಸಬೇಕೆಂದು ಬಿಲ್ ಬರೆಯುವ ಕಡೆಯೂ ಇದೇ ವಾಷರಿನ ಕಥೆ ಇರುತ್ತದೆ ಎಂಬುದು ಬೇರೆ ಮಾತು.

ರೈಲು, ಬಸ್ಸುಗಳ ಕಡೆ ನೋಡಿದರೆ ಎರಡನೆಯ ಆಕ್ಷೇಪ ಎದುರಾಗುತ್ತದೆ. ತಂಪು ಮಾಡುವ ಯಂತ್ರಕ್ಕೆ ಬೇರೆಯದೇ ಎಂಜಿನ್ ಕೊಟ್ಟುಬಿಟ್ಟರೆ ಹಂಚುವ ಪ್ರಶ್ನೆಯೇ ಏಳುವುದಿಲ್ಲವಲ್ಲ? ದೊಡ್ಡ ಬಸ್ಸುಗಳಲ್ಲಿ ಹಾಗೆ ಮಾಡಿದ್ದೂ ಉಂಟು, ಎ.ಸಿ.ಗೆಂದೇ ಹೊಟ್ಟೆಯಲ್ಲಿ ಇನ್ನೊಂದು ಸಣ್ಣ ಎಂಜಿನ್ನು. ಅದರಿಂದ ಕ್ಲಚ್ಚು ತಪ್ಪಿತು, ಆದರೆ ಎರಡು ಎಂಜಿನ್ನಿನ ತೂಕ, ಎರಡು ಎಂಜಿನ್ನಿನ ಡೀಸೆಲ್ಲು, ಎರಡು ಎಂಜಿನ್ನಿನ ರಿಪೇರಿ ಬಂದವು. ಮುಖ್ಯ ಎಂಜಿನ್ನು ಬಲವಾದಂತೆ ಬಸ್ಸಿನವರೂ 24 ವೋಲ್ಟಿನ ದೊಡ್ಡ ಕ್ಲಚ್ಚಿಗೇ ಒಲಿದರು. ರೈಲ್ವೆಯವರಂತೂ ಈ ವಿದ್ಯೆಯನ್ನು ಬೇರೊಂದು ದಾರಿಯಿಂದ ಬಲ್ಲವರು: ಆಲ್ಕೋ ಮಾದರಿಯ ಡೀಸೆಲ್ ಎಂಜಿನ್ನುಗಳಲ್ಲಿ ರೇಡಿಯೇಟರ್ ಫ್ಯಾನನ್ನು ನಡೆಸುತ್ತಿದ್ದದ್ದು ವಿದ್ಯುತ್ಕಾಂತದಿಂದಲೇ ಕೆಲಸ ಮಾಡುವ, ಆದರೆ ತಟ್ಟೆಗಳು ಒಂದಕ್ಕೊಂದು ತಾಗದ ಎಡ್ಡಿ ಕರೆಂಟ್ ಕ್ಲಚ್ಚು. ನೀರು ಕಾದರೆ ಹಿಡಿ, ತಣಿದರೆ ಬಿಡು ಎಂಬ ಅದೇ ಲೆಕ್ಕ. 2006ರಲ್ಲಿ ಟಾಟಾ ಮೋಟಾರ್ಸ್ ಬ್ರೆಜಿಲ್‌ನ ಮಾರ್ಕೊಪೋಲೊ ಜೊತೆ ಕೈಜೋಡಿಸಿ ಮುಂದೆ ಧಾರವಾಡದಲ್ಲಿ ಬಸ್ ಕಾರ್ಖಾನೆ ತೆರೆದಾಗ ಎ.ಸಿ. ಬಸ್ಸು ಕಟ್ಟುವ ಕೆಲಸವೂ ಈ ಸೀಮೆಗೆ ಬಂತು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಚಿಗರಿ ಬಸ್ಸುಗಳು ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಹವಾನಿಯಂತ್ರಣವನ್ನು ದಿನದ ಟಿಕೆಟ್ಟಿನ ದರಕ್ಕೆ ತಂದವು. ಆ ಬಸ್ಸು ಪೇಟೆಯ ಓಣಿಗಳೊಳಗೆ ಬರುವುದಿಲ್ಲ. ಅದಕ್ಕೆಂದೇ ಬಿಟ್ಟ ದಾರಿಯಲ್ಲಿ ಓಡುತ್ತದೆ. ಆದರೆ ನಿಲ್ದಾಣ ನಿಲ್ದಾಣಕ್ಕೆ ಬಾಗಿಲು ತೆರೆದು ಒಳಗಿನ ತಂಪು ಹೊರಗೆ ಹೋಗುವ ಬಸ್ಸಿನಲ್ಲಿ ಕಂಪ್ರೆಸರ್‌ಗೆ ಬಿಡುವು ಸಿಗುವುದು ಕಷ್ಟ.

ಕೊನೆಯ ಆಕ್ಷೇಪ ಕಾಲದ್ದು. ಕ್ಲಚ್ಚೇ ಹೋಗುತ್ತಿರುವಾಗ ಅದಕ್ಕಿಷ್ಟು ಮಹತ್ವ ಏಕೆ? ವಿದ್ಯುತ್ ಕಾರುಗಳಲ್ಲಿ ಕಂಪ್ರೆಸರ್‌ಗೆ ಅದರದೇ ಮೋಟಾರು. 2003ರ ಟೊಯೋಟಾ ಪ್ರಿಯಸ್ಸಿನಿಂದಲೇ ಆ ದಾರಿ ತೆರೆದಿದೆ. ಬೆಲ್ಟಿಲ್ಲ, ಪುಲ್ಲಿಯಿಲ್ಲ, ಟಕ್ಕೆಂಬ ಸದ್ದಿಲ್ಲ. ಗಿರಣಿಗಳಲ್ಲೂ ಆದದ್ದು ಇದೇ ಅಲ್ಲವೇ: ಯಂತ್ರಕ್ಕೊಂದು ಮೋಟಾರು ಬಂದ ದಿನ ಮಾಡಿನ ಕೆಳಗಿನ ಶಾಫ್ಟು, ಪಟ್ಟಾ, ಸಡಿಲ ಪುಲ್ಲಿ ಎಲ್ಲ ಗುಜರಿಗೆ ಹೋದವು. ಅಂದರೆ ಈ ಅಂತ್ಯವೂ ನಾನು ಹೇಳಿದ ವಂಶಾವಳಿಯನ್ನು ಸುಳ್ಳುಮಾಡುವ ಬದಲು ಗಟ್ಟಿಮಾಡುತ್ತದೆ. ಆದರೆ ಪೆಟ್ರೋಲು, ಡೀಸೆಲ್ ಕಾರುಗಳಲ್ಲಿ ನಡೆದದ್ದು ಇನ್ನೂ ಸೂಕ್ಷ್ಮ. 1980ರ ದಶಕದಲ್ಲಿ ಜನರಲ್ ಮೋಟಾರ್ಸ್ ತಂದ ಕಂಪ್ರೆಸರ್‌ನಲ್ಲಿ ಒಳಗಿನ ಓರೆ ತಟ್ಟೆಯ ಬಾಗು ಹೆಚ್ಚುಕಡಿಮೆಯಾಗಿ, ಪಿಸ್ಟನ್ನುಗಳ ಓಟ ಬೇಕಾದಷ್ಟಕ್ಕೆ ಇಳಿಯುತ್ತಿತ್ತು. ಆ ತಟ್ಟೆಯನ್ನು ಹೊರಗಿನಿಂದ ಕರೆಂಟಿನಲ್ಲಿ ಆಡಿಸಲು ಬಂದ ಮೇಲೆ ಕ್ಲಚ್ಚನ್ನೇ ತೆಗೆದುಹಾಕಿದರು. ಈಗ ಹಲವು ಕಾರುಗಳಲ್ಲಿ ಶಾಫ್ಟು ಎಂಜಿನ್ ಜೊತೆ ಸದಾ ತಿರುಗುತ್ತದೆ, ತಟ್ಟೆ ಹೆಚ್ಚುಕಡಿಮೆ ನೆಟ್ಟಗಾದಾಗ ಪಿಸ್ಟನ್ನು ಮಿಸುಕುವುದೇ ಇಲ್ಲವೆನ್ನುವಷ್ಟು ಮಿಸುಕುತ್ತದೆ. ಬಿಡುವ ಕೆಲಸ ಹೊರಗಿನ ಪುಲ್ಲಿಯಿಂದ ಒಳಗಿನ ತಟ್ಟೆಗೆ ಹೋಯಿತು. ಆದರೂ ಕಂಪ್ರೆಸರ್ ಒಳಗೇ ಜಾಮ್ ಆದರೆ ಬೆಲ್ಟು ಹರಿದು ಆಲ್ಟರ್ನೇಟರು, ನೀರಿನ ಪಂಪು ಎಲ್ಲ ನಿಂತುಹೋಗುವ ಭಯ ಉಳಿದೇ ಇತ್ತು. ಅದಕ್ಕೆಂದು ಕ್ಲಚ್ಚಿಲ್ಲದ ಪುಲ್ಲಿಯ ನಡುವೆ, ಇಂತಿಷ್ಟು ಭಾರ ಮೀರಿದರೆ ಮುರಿದು ಪುಲ್ಲಿಯನ್ನು ಸಡಿಲ ಬಿಡುವ ಒಂದು ಬಲಹೀನ ಭಾಗ ಇಟ್ಟಿರುತ್ತಾರೆ. ಅದು ಮುರಿದ ಮೇಲೆ ಗಾಡಿ ಮನೆ ಮುಟ್ಟುತ್ತದೆ, ಎ.ಸಿ. ಮಾತ್ರ ಇರುವುದಿಲ್ಲ, ವಾಷರ್ ತೆಗೆದು ಸರಿಮಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ, ಹೊಸದನ್ನೇ ಹಾಕಬೇಕು.